ನಳ ಬರುವ ದಿನ ಹಾಜರಿ ಕಡಿಮೆ

ನಮ್ಮ ಶಿಬಿರಕ್ಕೆ ಇಂದಿಗೂ ಒಂದು ಹೆಸರಿಲ್ಲ. ರಸೀದಿ ಪುಸ್ತಕದ ಮೇಲೆ ‘ಮಕ್ಕಳ ಬೇಸಿಗೆ ಶಿಬಿರ, ಬೀದರ್’ ಎಂದಷ್ಟೇ ಅಚ್ಚಾಗಿದೆ. ಮಕ್ಕಳು ಇದನ್ನು ನೀರಿನ ಕ್ಯಾಂಪು ಅನ್ನುತ್ತಾರೆ, ತಾಯಂದಿರು ಚಿತ್ರದ ಕ್ಲಾಸು ಅನ್ನುತ್ತಾರೆ. ಹೆಸರಿಡುವ ವಿಷಯ ಪ್ರತಿ ಮಾರ್ಚ್ ಸಭೆಯ ಕಾರ್ಯಸೂಚಿಯಲ್ಲಿ ಕಟ್ಟಕಡೆಗೆ ಇರುತ್ತದೆ. ಅಷ್ಟು ಹೊತ್ತಿಗೆ ಚಹಾ ಬಂದಿರುತ್ತದೆ, ಅರ್ಧ ಜನ ಎದ್ದಿರುತ್ತಾರೆ. ಈ ಸಂಚಿಕೆಗೆ ಶಿಬಿರದ ಚರಿತ್ರೆ ಬರೆಯುವ ಕೆಲಸ ಖಜಾಂಚಿಯ ಪಾಲಿಗೆ ಬಂದದ್ದೇಕೆಂದರೆ ಹಾಜರಿ ಪುಸ್ತಕ, ಖರ್ಚಿನ ಪುಸ್ತಕ, ಬಾವಿ ಪುಸ್ತಕ ಮೂರೂ ನನ್ನ ಮನೆಯ ಕಪಾಟಿನಲ್ಲಿವೆ. ಉದ್ಘಾಟನಾ ಭಾಷಣಗಳನ್ನು ಹುಡುಕುವವರಿಗೆ ಇಲ್ಲಿ ಏನೂ ಸಿಗದು.

ಶುರುವಾದದ್ದು 2016ರ ಬೇಸಿಗೆಯಲ್ಲಿ. ಮಳೆ ಕೈಕೊಟ್ಟು ಊರೆಲ್ಲ ಕೊಡಗಳ ಸದ್ದಾಗಿದ್ದ ಕಾಲ. ಆ ಏಪ್ರಿಲ್‌ನಲ್ಲಿ ಮಿರಜಿನಿಂದ ಲಾತೂರಿಗೆ ಕುಡಿಯುವ ನೀರು ರೈಲಿನಲ್ಲಿ ಬಂತು. ಮೊದಲ ರೈಲಿಗೆ ಹತ್ತು ವ್ಯಾಗನ್, ಒಂದೊಂದರಲ್ಲಿ ಸುಮಾರು 50 ಸಾವಿರ ಲೀಟರ್, ದಾರಿ ಹತ್ತಿರಹತ್ತಿರ 340 ಕಿಲೋಮೀಟರ್. ಲಾತೂರು ನಮಗೆ ಪರವೂರಲ್ಲ. ಬೀಗತನ, ವ್ಯಾಪಾರ, ದವಾಖಾನೆ ಎಲ್ಲಕ್ಕೂ ಓಡಾಟವಿದೆ. ಮೇಲಾಗಿ ಅವರಿಗೂ ನಮಗೂ ಹೊಳೆ ಒಂದೇ. ಬಾಲಾಘಾಟ್ ಬೆಟ್ಟಸಾಲಿನಲ್ಲಿ ಹುಟ್ಟುವ ಮಾಂಜ್ರಾ ಲಾತೂರು ಜಿಲ್ಲೆ ದಾಟಿ ಬೀದರ್ ಜಿಲ್ಲೆಗೆ ಬರುತ್ತದೆ, ಮುಂದೆ ಗೋದಾವರಿ ಸೇರುತ್ತದೆ. ಮೇಲಿನವರ ಪಾತ್ರದಲ್ಲೇ ಮರಳು ಕಾಣುತ್ತಿರುವಾಗ ಕೆಳಗಿನವರು ಏನೆಂದು ಕಾಯಬೇಕು? ಆ ವರ್ಷ ಊರಲ್ಲಿ ಯಾರು ಯಾರಿಗೆ ಸಿಕ್ಕರೂ ಮಾತು ನೀರಿನದೇ. ಶಾಲೆಗೆ ರಜೆ, ಮಕ್ಕಳು ಟ್ಯಾಂಕರಿನ ಹಿಂದೆ.

ಆಗ ಓಣಿಯಲ್ಲಿ ಎರಡು ಗುಂಪುಗಳು ಎರಡು ಬೇರೆ ಶಿಬಿರಗಳ ಯೋಚನೆಯಲ್ಲಿದ್ದವು. ಒಂದು ಗುಂಪಿನ ಮುಂದಾಳು ಒಬ್ಬ ಡ್ರಾಯಿಂಗ್ ಮಾಸ್ತರರು. ಮಹಮೂದ್ ಗವಾನ್ ಮದರಸಾದ ಗೋಡೆಯಲ್ಲಿ ಉಳಿದಿರುವ ಹೆಂಚಿನ ಚಿತ್ತಾರವನ್ನು ಮಕ್ಕಳ ಕೈಯಲ್ಲಿ ಬರೆಸಬೇಕೆಂಬುದು ಅವರ ಬಹುದಿನದ ಆಸೆ. 1472ರ ಕಟ್ಟಡ ಅದು. 1696ರಲ್ಲಿ ಮದ್ದು ಸಿಡಿದು ಒಂದು ಭಾಗ ಹಾರಿಹೋಗಿದ್ದರೂ ಉಳಿದ ಬಣ್ಣ ಇಂದಿಗೂ ಕಣ್ಣು ಕೀಳದಂತೆ ಮಾಡುತ್ತದೆ. ಇನ್ನೊಂದು ಗುಂಪಿನಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕಿಯೊಬ್ಬರು, ಕಾಲೇಜಿನ ಇಬ್ಬರು ಹುಡುಗರು. ಬಾವಿಗಳ ನೀರು ಪರೀಕ್ಷಿಸುವ ಸಣ್ಣ ಪೆಟ್ಟಿಗೆಯೊಂದು ಅವರ ಬಳಿ ಇತ್ತು. ಬೇವಿನ ನೆರಳಿದ್ದ ಅಂಗಳ ಮಾತ್ರ ಊರಲ್ಲಿ ಒಂದೇ ಶಾಲೆಯದು. ಕೀಲಿ ಕೊಡುವ ಮುಖ್ಯೋಪಾಧ್ಯಾಯರು, ‘ಎರಡ್ ಎರಡ್ ಕ್ಯಾಂಪ್ ನಡಿಯಾಂಗಿಲ್ರಿ, ಕೂಡಿ ಮಾಡೂದಿದ್ರ ಮಾಡ್ರಿ’ ಎಂದರು. ಕಲೆ ಮತ್ತು ವಿಜ್ಞಾನದ ಸಂಗಮ ಎಂದು ನಮ್ಮ ಕರಪತ್ರಗಳು ಈಗ ಹೇಳುವುದರ ಮೂಲ ಆ ಒಂದು ಕೀಲಿ.

ಮೊದಲ ಬೇಸಿಗೆಯಲ್ಲಿ ಅವು ಕೂಡಿರಲೂ ಇಲ್ಲ. ಬೆಳಿಗ್ಗೆ ಏಳರಿಂದ ಒಂಬತ್ತು ಚಿತ್ರ, ಸುಸ್ಲಾ ತಿಂದು ಮಜ್ಜಿಗೆ ಕುಡಿದ ಮೇಲೆ ಹನ್ನೊಂದರವರೆಗೆ ವಿಜ್ಞಾನ. ಹನ್ನೊಂದಾದ ಮೇಲೆ ನಮ್ಮ ಕಡೆಯ ಬಿಸಿಲಿನಲ್ಲಿ ಮಕ್ಕಳನ್ನು ಕೂಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ಸಮಾರೋಪಕ್ಕೆ ಚಿತ್ರದವರು ನೀರಿನ ಪೋಸ್ಟರ್ ಬರೆಸಿದರು. ಅಳುವ ಭೂಮಿ, ನಲ್ಲಿಯ ತುದಿಯಲ್ಲಿ ತೂಗುವ ನೀಲಿ ಹನಿ, ಕೆಳಗೆ ನೀರು ಉಳಿಸಿರೆಂಬ ಬುದ್ಧಿಮಾತು. ಪ್ರದರ್ಶನ ನೋಡಲು ಬಂದಿದ್ದ ಬಿದರಿ ಕೆಲಸದ ಹಿರಿಯರೊಬ್ಬರು ಗೋಡೆಯುದ್ದಕ್ಕೂ ನಡೆದು, ಮಾಸ್ತರರನ್ನು ಪಕ್ಕಕ್ಕೆ ಕರೆದು ಕೇಳಿದರು: ‘ಎಲ್ಲಾ ಛಲೋ ಅದ ಮಾಸ್ತರ್ ಸಾಬ್, ಆದ್ರ ಇದರಾಗ ನಮ್ಮ ಊರ ನೀರು ಎಲ್ಲದ?’

ಮುಂದಿನ ಮಾರ್ಚ್ ಸಭೆಯ ನಡಾವಳಿಯಲ್ಲಿ ಮಾಸ್ತರರೇ ಬರೆಸಿದ ಒಂದು ನಿಯಮವಿದೆ: ಶಿಬಿರದಲ್ಲಿ ಘೋಷವಾಕ್ಯ ಬರೆಯುವಂತಿಲ್ಲ, ಮಗು ತಾನು ಕಂಡ, ಅಳೆದ, ಮುಟ್ಟಿದ ನೀರನ್ನು ಮಾತ್ರ ಚಿತ್ರಿಸಬೇಕು. ನಮ್ಮ ಸಂಸ್ಥೆಗೆ ಬೈಲಾ ಎಂಬುದೇನಾದರೂ ಇದ್ದರೆ ಅದು ಇದೊಂದೇ. ನೀರು ಉಳಿಸಿ ಎಂದು ಯಾರಿಗೆ ಹೇಳುವುದು? ನಾಲ್ಕು ಕೊಡದಲ್ಲಿ ಮನೆ ನಡೆಸುವ ತಾಯಿಗೆ ಆಕೆಯ ಮಗಳೇ ಬಣ್ಣದ ಪೆನ್ಸಿಲಿನಲ್ಲಿ ಉಪದೇಶ ಬರೆದು ಒಯ್ಯುವುದರಲ್ಲಿ ಒಂದು ಬಗೆಯ ಕ್ರೌರ್ಯವೇ ಇದೆ ಎಂದು ನನಗೆ ಅನ್ನಿಸುತ್ತದೆ. ಬಹುಮಾನದ ಪೋಸ್ಟರ್ ಸ್ಪರ್ಧೆ ನಡೆಸಿದರೆ ಹಣ ಕೊಡುತ್ತೇವೆಂದು ಬಂದವರನ್ನು ಈ ನಿಯಮ ತೋರಿಸಿಯೇ ಕಳಿಸಿದ್ದೇವೆ.

ಎರಡು ವಿಷಯಗಳನ್ನು ನಿಜವಾಗಿ ಒಂದು ಮಾಡಿದ್ದು ಹಾಜರಿ ಪುಸ್ತಕ. ಶಿಬಿರದ ಕೆಲವು ದಿನ ಅಂಗಳ ತುಂಬಿರುತ್ತಿತ್ತು, ಕೆಲವು ದಿನ ಅರ್ಧಕ್ಕೂ ಕಡಿಮೆ. ಬಾರದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಮದುವೆ ಸೀಸನ್ನೋ, ಊರ ಜಾತ್ರೆಯೋ ಎಂದು ಲೆಕ್ಕ ಹಾಕುತ್ತಿದ್ದೆವು. ಹಿಂದಿನ ದಿನ ಬಾರದಿದ್ದ ಹುಡುಗಿಯೊಬ್ಬಳನ್ನು ಕೇಳಿದಾಗ, ಇಷ್ಟೂ ತಿಳಿಯದೇ ಎಂಬ ದನಿಯಲ್ಲಿ ‘ನಿನ್ನಿ ನಳ ಬಂದಿತ್ರಿ ಟೀಚರ್’ ಎಂದಳು. ಟೀಚರಮ್ಮ ಅಲ್ಲಿಗೇ ಬಿಡಲಿಲ್ಲ. ಯಾವ ಓಣಿಗೆ ಯಾವ ದಿನ ನಳ, ಯಾವ ದಿನ ಟ್ಯಾಂಕರ್ ಎಂದು ಮಕ್ಕಳಿಂದಲೇ ಕೇಳಿ ಬರೆಸಿದರು, ಹಾಜರಿಯ ಪಕ್ಕದಲ್ಲಿಟ್ಟು ನೋಡಿದರು. ಎರಡೂ ಒಂದಕ್ಕೊಂದು ಅಂಟಿಸಿದ ಹಾಗಿದ್ದವು. ಮಾಸ್ತರರು ಅದಕ್ಕೊಂದು ರೂಪ ಕೊಟ್ಟರು: ಓಣಿಗೊಂದು ಸಾಲು, ದಿನಕ್ಕೊಂದು ಮನೆ, ಬಂದ ಮಗುವಿಗೆ ಕೆಂಪು ಚುಕ್ಕಿ, ಬಾರದ ಮಗುವಿನ ಜಾಗದಲ್ಲಿ ಕೊಡ. ಆ ಹಾಳೆಯನ್ನು ನೋಡಿದವರಾರೂ ಅದನ್ನು ಚಿತ್ರವೋ ಅಂಕಿಅಂಶವೋ ಎಂದು ಕೇಳಲಿಲ್ಲ. ನೋಡನೋಡುತ್ತ ತಮ್ಮ ಓಣಿಯ ಸಾಲನ್ನು ಹುಡುಕಿದರು. ಅಂದಿನಿಂದ ಶಿಬಿರದ ವೇಳಾಪಟ್ಟಿ ನಳದ ಪಾಳಿಗೆ ಹೊಂದಿಕೊಂಡು ನಡೆಯುತ್ತಿದೆ. ನೀರು ಬರುವ ಓಣಿಯವರಿಗೆ ಅಂದು ಎಂಟೂವರೆಗೆ ಬಂದರೂ ನಡೆಯುತ್ತದೆ, ಎಷ್ಟು ಕೊಡ ತುಂಬಿದರು, ತುಂಬಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದು ತರಬೇಕು ಅಷ್ಟೇ. ಕೊಡ ಹೊರುವ ಹುಡುಗಿಯರಿಗೆ ಲೀಟರಿನ ಅಂದಾಜು ಕಲಿಸುವ ಅಗತ್ಯ ಬೀಳಲಿಲ್ಲ. ಗಂಡುಹುಡುಗರಿಗೆ ಕಲಿಸಬೇಕಾಯಿತು.

ಮಕ್ಕಳ ಮೊದಲ ದೊಡ್ಡ ಪ್ರಯೋಗ ನಮ್ಮ ಊರಿನ ನೆಲದ್ದೇ. ಬೀದರ್ ನಿಂತಿರುವುದು ಕೆಂಪು ಕಲ್ಲಿನ ಮೇಲೆ, ಅಂದರೆ ಜಂಬಿಟ್ಟಿಗೆಯ ಮೇಲೆ. ಅದರ ಅಡಿಗೆ ದಖನ್ನಿನ ಕಪ್ಪು ಕಲ್ಲು. ಕೆಂಪು ಕಲ್ಲು ಜೇನುಹುಟ್ಟಿನ ಹಾಗೆ ತೂತುತೂತು, ಬಿದ್ದ ಮಳೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕಪ್ಪು ಕಲ್ಲಿನ ನೆತ್ತಿ ಮುಟ್ಟಿದ ಮೇಲೆ ನೀರಿಗೆ ಕೆಳಗಿಳಿಯಲು ಸುಲಭದ ದಾರಿಯಿಲ್ಲ, ಅಡ್ಡಕ್ಕೆ ಸರಿಯುತ್ತದೆ. ಗುಡ್ಡದ ಅಂಚಿನಲ್ಲಿ ದಾರಿ ಸಿಕ್ಕಲ್ಲಿ ಹೊರಗೆ ಜಿನುಗುತ್ತದೆ. ಗುರುನಾನಕ್ ಝೀರಾದಲ್ಲಿ ಕಲ್ಲಿನಿಂದ ಬರುವ ನೀರೂ, ಎದೆಮಟ್ಟದ ನೀರಿನಲ್ಲಿ ಭಕ್ತರು ನಡೆದುಹೋಗುವ ನರಸಿಂಹ ಝರಣಿಯೂ ಇದೇ ನೆಲದ ಒಸರು. ಇದನ್ನು ತೋರಿಸಲು ಒಂದು ಬದಿ ತೆಗೆದ ಹಳೆಯ ಮೀನಿನ ಗಾಜಿನ ಪೆಟ್ಟಿಗೆ ಸಾಕಾಯಿತು. ತಳಕ್ಕೆ ಎರೆಮಣ್ಣು ಬಡಿದು ಗಟ್ಟಿ ಮಾಡಿ, ಮೇಲೆ ಕುಟ್ಟಿದ ಕೆಂಪು ಕಲ್ಲು ತುಂಬಿ, ಝಾರಿಯಿಂದ ನೀರು ಹನಿಸಿದರೆ ಸ್ವಲ್ಪ ಹೊತ್ತಿಗೆ ತೆರೆದ ಬದಿಯಲ್ಲಿ, ಸರಿಯಾಗಿ ಎರಡು ಮಣ್ಣು ಕೂಡುವ ಗೆರೆಯಲ್ಲೇ, ನೀರು ಕಾಣಿಸಿಕೊಳ್ಳುತ್ತದೆ. ಮಕ್ಕಳು ಕಿರುಚುತ್ತಾರೆ. ಎಷ್ಟು ಸಲ ನೋಡಿದರೂ ಆ ಗೆರೆ ಒದ್ದೆಯಾಗುವ ಗಳಿಗೆಗೆ ನಾನೂ ಲೆಕ್ಕದ ಪುಸ್ತಕ ಮುಚ್ಚಿ ಬಂದು ನಿಲ್ಲುತ್ತೇನೆ.

ಅದೇ ಎರಡು ಮಣ್ಣುಗಳಿಂದಲೇ ಬಣ್ಣ. ಕೆಮ್ಮಣ್ಣನ್ನು ಬಕೀಟಿನ ನೀರಿನಲ್ಲಿ ಕದಡಿ ಬಿಟ್ಟರೆ ಮೊದಲು ಹರಳು ಕೂರುತ್ತದೆ, ಆಮೇಲೆ ಉಸುಕು. ನಯವಾದದ್ದು ಬಹಳ ಹೊತ್ತು ತೇಲುತ್ತದೆ. ಆ ತೇಲುವ ಪಾಲನ್ನು ಬಸಿದು ಆರಿಸಿ ಜಾಲಿಯ ಗೋಂದಿನಲ್ಲಿ ಅರೆದರೆ ಕುಂಚಕ್ಕೆ ಸಿದ್ಧ. ಇನ್ನೊಂದು ಬಕೀಟಿಗೆ ಪಟಕ ಹಾಕಿದರೆ ಅದೇ ನಯದ ಮಣ್ಣು ಗುಂಪುಗೂಡಿ ಬೇಗ ತಳ ಸೇರುತ್ತದೆ, ಮೇಲೆ ತಿಳಿನೀರು. ಬಣ್ಣ ಮಾಡುವವನಿಗೆ ತೇಲುವುದು ಬೇಕು, ಕುಡಿಯುವವನಿಗೆ ತೇಲಬಾರದು. ಒಂದೇ ಬೆಳಿಗ್ಗೆ, ಎರಡು ಬಕೀಟು. ಚಿತ್ರದ ಅವಧಿ ಎಲ್ಲಿ ಮುಗಿಯಿತು, ವಿಜ್ಞಾನದ್ದು ಎಲ್ಲಿ ಶುರುವಾಯಿತು ಎಂದು ವೇಳಾಪಟ್ಟಿಯಲ್ಲಿ ಬರೆಯಲು ನನಗೆ ತೋಚಲಿಲ್ಲ. ಆಗಿನಿಂದ ಆ ಎರಡು ಕಾಲಮ್ಮುಗಳನ್ನು ಒಂದು ಮಾಡಿದೆ. ದಾಸವಾಳದ ಹೂವಿನ ರಸ ಹುಳಿ ನೀರಿಗೆ ಕೆಂಪಾಗುವುದು, ಸೋಡಾ ನೀರಿಗೆ ಹಸಿರಿನ ಕಡೆ ತಿರುಗುವುದು, ಅರಿಶಿನದ ಕಾಗದ ಸಾಬೂನಿಗೆ ಕೆಂಪಾಗುವುದು ಎಲ್ಲ ಶಿಬಿರಗಳಲ್ಲೂ ಇರುವಂಥದ್ದೇ, ನಮ್ಮಲ್ಲೂ ಇದೆ.

ಕರೇಜಿನ ಚಿತ್ರ ಮಾತ್ರ ನಮ್ಮದೇ. ಹೊರಗಿನವರಿಗಾಗಿ ಎರಡು ಮಾತು: ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರ ಕಾಲಕ್ಕೆ ಪರ್ಷಿಯಾದ ವಿದ್ಯೆಯನ್ನು ಬಳಸಿ ತೋಡಿದ ನೆಲದಡಿಯ ನೀರುದಾರಿ ಇದು. ಮೇಲ್ಗಡೆಯ ತಾಯಿಬಾವಿಯಿಂದ ನಸು ಇಳಿಜಾರಿನ ಸುರಂಗ ಹೊರಟು, ಯಾವ ಏತ ರಾಟೆಗಳ ಹಂಗೂ ಇಲ್ಲದೆ ನೀರನ್ನು ತಂದುಕೊಡುತ್ತದೆ. ನಡುನಡುವೆ ನೆಟ್ಟಗೆ ಇಳಿಯುವ ಬಾವಿಗಳು, ಗಾಳಿ ಬೆಳಕಿಗೂ ಅಗೆದ ಮಣ್ಣು ಎತ್ತುವುದಕ್ಕೂ. ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಉದ್ದ, ಅಂಥ ಬಾವಿಗಳು 21. ಶುಕ್ಲತೀರ್ಥ, ಜಮ್ನಾ ಮೋರಿ ಎಂಬ ಇನ್ನೆರಡೂ ಇವೆ. ನಮ್ಮ ಹಿರಿಯರಿಗೆ ಇದು ಸುರಂಗ ಬಾವಿ; ಕಸ ಹಾಕುವ ಗುಂಡಿ ಎಂದುಕೊಂಡವರೂ ಇದ್ದರು. ಕೇರಳದ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿಯವರು ಬಂದು ಇದರ ನಕ್ಷೆ ತೆಗೆದ ಮೇಲೆ, ಜಿಲ್ಲಾಡಳಿತ ಹೂಳೆತ್ತಿಸಿದ ಮೇಲೆ, ಬೀದರಿನವರಿಗೆ ಬೀದರಿನ ನೀರು ಮತ್ತೆ ಸುದ್ದಿಯಾಯಿತು.

ಮಕ್ಕಳನ್ನು ಸುರಂಗದೊಳಗೆ ಇಳಿಸುವುದಿಲ್ಲ. ಅದು ಬರೆದಿಟ್ಟ ನಿಯಮ. ಮೇಲೆ ಬಾವಿಯಿಂದ ಬಾವಿಗೆ ನಡೆಯುತ್ತಾರೆ, ಹೆಜ್ಜೆಗಳಲ್ಲಿ ದೂರ ಅಳೆಯುತ್ತಾರೆ. ನೆಲದ ಇಳಿಜಾರು ಅಳೆಯುವುದನ್ನು ಕಲಿಸಿದವರು ನಮ್ಮ ಓಣಿಯ ಗೌಂಡಿಗಳು. ಗೋಡೆ ಎಬ್ಬಿಸುವಾಗ ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು, ಎರಡು ತುದಿಯ ನೀರು ಯಾವಾಗಲೂ ಒಂದೇ ಮಟ್ಟದಲ್ಲಿ ನಿಲ್ಲುವುದನ್ನು ತೋರಿಸಿ, ಎರಡು ಕೋಲಿನ ಮೇಲೆ ಗುರುತು ಹಾಕಿಸಿ, ವ್ಯತ್ಯಾಸ ಬರೆಸಿದರು. ಸಂಪನ್ಮೂಲ ವ್ಯಕ್ತಿಗಳು ಎಂಬ ಪದವನ್ನು ನಾನು ಖರ್ಚಿನ ಪುಸ್ತಕದಲ್ಲಿ ಬಳಸಿದ್ದು ಅವರಿಗೇ ಮೊದಲು. ಅವರು ಅಂದಿನ ಪಗಾರ ಬಿಟ್ಟು ಬಂದವರು, ಅದಕ್ಕೆ ತಕ್ಕ ಗೌರವಧನವೂ ಆ ಪುಟದಲ್ಲಿದೆ.

ಬರೆಯಲು ಕೂತಾಗ ಜಗಳ ಹುಟ್ಟಿತು. ಎರಡು ಕಿಲೋಮೀಟರನ್ನು ನಾಲ್ಕು ಮೀಟರ್ ಹಾಳೆಗೆ ಇಳಿಸಿದರೆ ನೆಲದ ಒಂದು ಮೀಟರಿಗೆ ಕಾಗದದಲ್ಲಿ ಎರಡು ಮಿಲಿಮೀಟರ್. ಹದಿನೈದು ಮೀಟರ್ ಆಳದ ಬಾವಿ ಮೂರೇ ಸೆಂಟಿಮೀಟರ್. ಸುರಂಗದ ಇಳಿಜಾರು ಕಣ್ಣಿಗೇ ಕಾಣದು, ಒಳಗೆ ನೀರು ತೋರಿಸುವುದಂತೂ ಎಲ್ಲಿ? ಟೀಚರಮ್ಮ ಆಳಕ್ಕೆ ಬೇರೆ ಅಳತೆ ಇಟ್ಟು ಹಿಗ್ಗಿಸೋಣವೆಂದರು, ಭೂವಿಜ್ಞಾನದವರು ಹಾಗೆಯೇ ಮಾಡುತ್ತಾರಂತೆ. ಮಾಸ್ತರರು ಹಳೆಯ ದಖನಿ ಚಿತ್ರಗಳ ಮುದ್ರಿತ ಪ್ರತಿ ತಂದು ಹರಡಿದರು. ಅವುಗಳಲ್ಲಿ ತೋಟದ ಕೊಳ ಮೇಲಿನಿಂದ ಕಾಣುತ್ತದೆ, ದಂಡೆಯ ಗಿಡ ಮತ್ತು ಮನುಷ್ಯರು ಬದಿಯಿಂದ ಕಾಣುತ್ತಾರೆ, ಎರಡೂ ಒಂದೇ ಹಾಳೆಯಲ್ಲಿ ಯಾರಿಗೂ ತೊಂದರೆಯಿಲ್ಲದೆ ಇವೆ. ಕೊನೆಗೆ ಆದದ್ದು ಎರಡರ ರಾಜಿ. ಬಾವಿಯ ಬಾಯಿ ಮೇಲಿನಿಂದ ನೋಡಿದ ದುಂಡು, ಅದರ ಕೆಳಗೆ ಬದಿಯಿಂದ ಸೀಳಿದ ನೆಲ. ಆಳ ಹತ್ತು ಪಟ್ಟು ಹಿಗ್ಗಿದೆ, ಹಿಗ್ಗಿದೆ ಎಂದು ಮೂಲೆಯಲ್ಲಿ ಅಳತೆಪಟ್ಟಿಯೇ ಹೇಳುತ್ತದೆ. ಆಳ ಹೆಚ್ಚಾದಂತೆ ಹಾಳೆ ಸಾಲದೆ ಕೆಳಗೆ ಅಂಟಿಸುತ್ತ ಹೋದರು. ಮೇಲಿನ ಅಂಚಿನಲ್ಲಿ ಮಕ್ಕಳು ಕಂಡದ್ದೆಲ್ಲ ಇದೆ: ಮೇಯುವ ಆಡು, ಕ್ರಿಕೆಟ್ಟು, ಬಾವಿಯ ಬಾಯಿಗೆ ಆತುಕೊಂಡಿದ್ದ ಪ್ಲಾಸ್ಟಿಕ್ ಚೀಲ. ಶಾಲೆಯ ಕಾರಿಡಾರಿನ ಗೋಡೆಗೆ ಅದನ್ನು ತೂಗುಹಾಕಿದಾಗ ಬಿದರಿ ಹಿರಿಯರು ಮತ್ತೆ ಬಂದರು. ಈ ಸಲ ಬಹಳ ಹೊತ್ತು ನಿಂತರು, ಆಡಿನ ಕಾಲು ತಪ್ಪಿದೆ ಎಂದರು.

ಅವರ ಕಸುಬನ್ನೂ ಶಿಬಿರ ಒಳಗೆ ಕರೆದುಕೊಂಡಿತು. ಸತು ಹದಿನಾರು ಪಾಲಿಗೆ ತಾಮ್ರ ಒಂದು ಪಾಲು ಕೂಡಿಸಿ ಎರಕ ಹೊಯ್ದು, ಮೇಲ್ಮೈಗೆ ಮೈಲುತುತ್ತದ ನೀರು ಬಳಿದು ಕಪ್ಪಾಗಿಸಿ, ಉಳಿಯಿಂದ ಚಿತ್ತಾರ ಕೆತ್ತಿ, ಆ ಗೆರೆಗಳಲ್ಲಿ ಬೆಳ್ಳಿಯ ತಂತಿ ಬಡಿದು, ಕಡೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿ ಕುದಿಸಿದ ನೀರಿನಲ್ಲಿ ತಿಕ್ಕಿದರೆ ಲೋಹ ಕಾಯಂ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಭೌಗೋಳಿಕ ಸೂಚಕ, 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದ ಮೇಲೆ ಊರಿನ ಮಕ್ಕಳಿಗೂ ಇದರ ಮೇಲೆ ಹೆಮ್ಮೆ ಹೆಚ್ಚಿದೆ. ಕೋಟೆಯ ಮಣ್ಣು ಅಂದರೆ ಯಾವುದೋ ಮಣ್ಣಲ್ಲ, ಬಿಸಿಲು ಮಳೆ ತಾಗದ ಜಾಗದ್ದು. ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ಆರಿಸುತ್ತಾರೆ. ಅದರಲ್ಲಿರುವ ಸಾಲ್ಟ್‌ಪೀಟರ್, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಈ ಕಪ್ಪಿಗೆ ಕಾರಣ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ.

ಟೀಚರಮ್ಮ ಈ ನೈಟ್ರೇಟ್ ಹಿಡಿದೇ ಬಾವಿಗೆ ಇಳಿದರು. ಮಳೆ ತಾಗದ ಮಣ್ಣೇ ಏಕೆ ಬೇಕು? ನೈಟ್ರೇಟ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಮಳೆ ಬಿದ್ದರೆ ತೊಳೆದುಹೋಗುತ್ತದೆ. ತೊಳೆದುಹೋಗಿ ಎಲ್ಲಿಗೆ? ತೂತುತೂತು ಕೆಂಪು ಕಲ್ಲಿನ ಊರಿನಲ್ಲಿ ಇನ್ನೆಲ್ಲಿಗೆ. ಪಾಯಖಾನೆ ಗುಂಡಿ, ಸಗಣಿ ತಿಪ್ಪೆಗಳಿಂದ ಹುಟ್ಟುವ ನೈಟ್ರೇಟ್‌ಗೂ ಅದೇ ದಾರಿ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಎಳೆಗೂಸಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುವ ಅಪಾಯವಿದೆ. ಕುದಿಸಿದರೆ ಹೋಗುವುದಿಲ್ಲ, ನೀರು ಆರಿದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಕುದಿಸಿ ಕುಡಿಯಿರಿ ಎಂಬ ಒಂದೇ ಬುದ್ಧಿಮಾತಿನಲ್ಲಿ ಬೆಳೆದ ನಮಗೆಲ್ಲ, ದೊಡ್ಡವರಿಗೂ, ಅದು ಹೊಸ ಪಾಠ.

ಇಲ್ಲಿಂದ ಶಿಬಿರದ ಅತಿ ಬಿಗುವಿನ ಕಾಲ. ಮಕ್ಕಳು ತಮ್ಮ ಓಣಿಯ ಬಾವಿಗಳ ನೀರು ತಂದು ಪಟ್ಟಿಯ ಗುಲಾಬಿ ಬಣ್ಣವನ್ನು ಹೋಲಿಸಿ ನೈಟ್ರೇಟ್ ಅಂದಾಜು ಮಾಡಿದರು. ಸಣ್ಣ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಇಡುವ ಪರೀಕ್ಷೆಯನ್ನೂ ಮಾಡಿದರು. ಒಳಗಿನದು ಕಪ್ಪಾದರೆ ಮಲದ ಸೋಂಕಿನ ಸಂಶಯ ಪಡಬೇಕು. ಬಿದರಿಯ ಕಪ್ಪಿಗೆ ಚಪ್ಪಾಳೆ ಹೊಡೆದ ಮಕ್ಕಳು ಈ ಕಪ್ಪನ್ನು ಸುಮ್ಮನೆ ನೋಡಿದರು. ಫಲಿತಾಂಶವನ್ನು ಸಮಾರೋಪದಲ್ಲಿ ತೂಗುಹಾಕಬೇಕೋ ಬೇಡವೋ ಎಂದು ಸಮಿತಿಯಲ್ಲಿ ಎರಡು ಸಂಜೆ ವಾದವಾಯಿತು. ಮನೆ ಬಾಡಿಗೆಗೆ ಕೊಟ್ಟವರು, ಬಾವಿಯ ಯಜಮಾನರು ನಮ್ಮ ದೇಣಿಗೆದಾರರೂ ಹೌದು. ಕೊನೆಗೆ ಬಾವಿಗೆ ಹೆಸರು ಹಾಕದೆ ಚಿತ್ರ ಮಾತ್ರ ತೂಗುಹಾಕುವುದು, ಅಂಕಿಗಳನ್ನು ಆಯಾ ಮನೆಗೆ ಮಗುವಿನ ಕೈಯಲ್ಲೇ ಚೀಟಿ ಮಾಡಿ ಕಳಿಸುವುದು ಎಂದಾಯಿತು. ಶಿಬಿರದ ಪಟ್ಟಿಪರೀಕ್ಷೆ ಒಂದು ಸೂಚನೆ ಮಾತ್ರ, ಪ್ರಯೋಗಾಲಯದಲ್ಲಿ ಮತ್ತೆ ನೋಡಿಸಿ ಎಂದೂ ಚೀಟಿಯಲ್ಲಿತ್ತು. ಈ ರಾಜಿ ಸರಿಯಾದದ್ದೇ ಎಂದು ನಾನು ಈಗಲೂ ವಾದಿಸುತ್ತೇನೆ. ಟೀಚರಮ್ಮ ಈಗಲೂ ಒಪ್ಪುವುದಿಲ್ಲ.

ಹಣದ ಮಾತು ಚಿಕ್ಕದು. ಓಣಿಯ ಚಂದಾ, ಕಿರಾಣಿ ಅಂಗಡಿಯವರ ಚುರುಮುರಿ, ಗೌಳಿಗರ ಮಜ್ಜಿಗೆ. ಬಾಟಲಿ ನೀರು ಮಾರುವ ಒಬ್ಬರು ಮಕ್ಕಳಿಗೆಲ್ಲ ಹೆಸರಿರುವ ಟೀ ಶರ್ಟ್ ಕೊಡುತ್ತೇನೆಂದರು. ಬೇಡವೆಂದದ್ದಕ್ಕೆ ಬೇಸರಿಸದೆ ಹೆಸರಿಲ್ಲದ ಸ್ಟೀಲ್ ಲೋಟಗಳನ್ನು ಕಳಿಸಿದರು, ಇಂದಿಗೂ ಅವೇ ನಡೆಯುತ್ತಿವೆ. ಭಾಷೆಯ ತೊಂದರೆ ಬರಬಹುದೆಂದು ಹೆದರಿದ್ದೆವು, ಏಕೆಂದರೆ ನಮ್ಮ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಆಡುವವರು ಒಟ್ಟಿಗೇ ಕೂರುತ್ತಾರೆ. ತೊಂದರೆಯಾದದ್ದು ದೊಡ್ಡವರ ಭಾಷಣಗಳಿಗೆ ಮಾತ್ರ.

2020, 2021ರಲ್ಲಿ ಅಂಗಳಕ್ಕೆ ಬೀಗ. ಆಗ ಉಳಿದದ್ದು ಬಾವಿ ಪುಸ್ತಕ ಒಂದೇ. ಅರ್ಧ ಮೀಟರಿಗೊಂದು ಗಂಟು ಹಾಕಿದ ಹಗ್ಗದ ತುದಿಗೆ ತೂಕ ಕಟ್ಟಿ ಬಾವಿಗೆ ಬಿಡುವುದು, ನೀರು ಮುಟ್ಟಿದ ಸಪ್ಪಳ ಕೇಳಿದ ಕೂಡಲೇ ಕಟ್ಟೆಯ ಹತ್ತಿರ ಹಗ್ಗ ಹಿಡಿದು ಗಂಟು ಎಣಿಸುವುದು. ಮಕ್ಕಳು ಮನೆಯ ಬಾವಿ ಅಳೆದು ಅಪ್ಪನ ಫೋನಿನಿಂದ ಸಂಖ್ಯೆ ಹೇಳಿ ಕಳಿಸುತ್ತಿದ್ದರು. ಈ ಸಂಖ್ಯೆ ಹೆಚ್ಚಿದಷ್ಟೂ ನೀರು ಕಡಿಮೆ ಎಂಬುದು ಚಿಕ್ಕವರಿಗೆ ಗೊಂದಲ. ಮಾಸ್ತರರು ಗ್ರಾಫನ್ನೇ ತಲೆಕೆಳಗು ಮಾಡಿದರು. ಸೊನ್ನೆ ಮೇಲೆ, ಕಟ್ಟೆಯ ಜಾಗದಲ್ಲಿ. ಗೆರೆ ಅಲ್ಲಿಂದ ಕೆಳಗೆ ತೂಗುತ್ತದೆ. ಮೇ ತಿಂಗಳ ಕೊನೆಯಲ್ಲಿ ಅದು ಹಾಳೆಯ ತಳ ಮುಟ್ಟುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತುತ್ತದೆ. ನಮ್ಮ ಊರಿನ ಸರಾಸರಿ ಮಳೆ ವರ್ಷಕ್ಕೆ ಸುಮಾರು 850 ಮಿಲಿಮೀಟರ್. ಸಾವಿರ ಚದರಡಿಯ ಮಾಳಿಗೆಯ ಮೇಲೆ ಅಷ್ಟು ಬಿದ್ದರೆ ಹತ್ತಿರಹತ್ತಿರ 79 ಸಾವಿರ ಲೀಟರ್ ಆಗುತ್ತದೆಂದು ಒಬ್ಬ ಹುಡುಗ ಲೆಕ್ಕ ಮಾಡಿ, ಲಾತೂರಿಗೆ ಬಂದ ರೈಲಿನ ಒಂದು ವ್ಯಾಗನ್ನಿಗಿಂತ ಹೆಚ್ಚು ಎಂದು ಅದರ ಪಕ್ಕ ವ್ಯಾಗನ್ ಬರೆದಿದ್ದಾನೆ. ರೈಲಿನ ಕಥೆ ಅವನು ಮನೆಯಲ್ಲಿ ಕೇಳಿದ್ದು.

ಈಗ ಅಂದಿನ ಶಿಬಿರಾರ್ಥಿಗಳಲ್ಲಿ ಕೆಲವರು ಸ್ವಯಂಸೇವಕರಾಗಿ ಬರುತ್ತಿದ್ದಾರೆ, ಹಗ್ಗ ಅವರ ಕೈಯಲ್ಲಿದೆ. ಶಾಲೆಯ ಅಂಗಳದಲ್ಲಿ ಮುಚ್ಚಿದ ಹಳೆಯ ಬಾವಿಯನ್ನು ತೆರೆದು ಹೂಳೆತ್ತುವುದೋ, ದಾನಿಗಳೊಬ್ಬರು ಕೊಡುತ್ತೇನೆಂದಿರುವ ಬೋರ್‌ವೆಲ್ ಕೊರೆಸುವುದೋ ಎಂಬ ಪ್ರಶ್ನೆ ಸಮಿತಿಯ ಮುಂದಿದೆ. ಮಕ್ಕಳು ಬಾವಿಯ ಪರ, ಪೋಷಕರು ಬೋರಿನ ಪರ. ಬಾವಿಯ ಸುತ್ತ ಎಷ್ಟು ದೂರದಲ್ಲಿ ಪಾಯಖಾನೆ ಗುಂಡಿಗಳಿವೆ ಎಂದು ನಕ್ಷೆ ಮಾಡಿ ತಂದ ಮೇಲೆ ಮಾತಾಡೋಣ ಎಂದು ಟೀಚರಮ್ಮ ಇಬ್ಬರನ್ನೂ ಸುಮ್ಮನಾಗಿಸಿದ್ದಾರೆ. ನಕ್ಷೆಗೆ ಬೇಕಾದ ಹಾಳೆ, ಅಳತೆ ಟೇಪು, ನೈಟ್ರೇಟ್ ಪಟ್ಟಿಗಳ ಖರ್ಚನ್ನು ಈ ವರ್ಷದ ಪುಸ್ತಕದ ಮೊದಲ ಪುಟದಲ್ಲೇ ಬರೆದಿದ್ದೇನೆ.